ಪೆರಂಬೂರಿನಲ್ಲಿ ಧೈರ್ಯ ಹೇಳಲು ಹೋದವರು

ಪೆರಂಬೂರಿಗೆ ಬಂದ ಮೂರನೆಯ ದಿನ, ಸಂಜೆ ಆರರ ಸುಮಾರಿಗೆ, ಎದುರು ಮನೆಯ ಹುಡುಗಿ ನಮ್ಮ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಏನೋ ಹೇಳಿದಳು. ಹತ್ತು ವರ್ಷದವಳಿರಬೇಕು. ಶಾಲೆಯ ಸಮವಸ್ತ್ರ ಇನ್ನೂ ಮೈಮೇಲಿತ್ತು, ಒಂದು ಜಡೆ ಬಿಚ್ಚಿಹೋಗಿತ್ತು.

"ಅಕ್ಕಾ, ಅಪ್ಪಾ ಅಮ್ಮಾವ ಅಡಿಕ್ಕಿರಾರು."

ಅಪ್ಪ ಎಂದದ್ದು ತಿಳಿಯಿತು, ಅಮ್ಮ ಎಂದದ್ದು ತಿಳಿಯಿತು. ಉಳಿದದ್ದನ್ನು ಅಡಿಗೆ ಎಂದುಕೊಂಡೆ. ಅಪ್ಪ ಅಮ್ಮನಿಗಾಗಿ ಅಡಿಗೆ ಮಾಡುತ್ತಿದ್ದಾನೆ, ಅದನ್ನು ಹೊಸದಾಗಿ ಬಂದ ನಮಗೆ ಹೇಳಲು ಮಗು ಓಡಿ ಬಂದಿದೆ ಎಂದು ತಿಳಿದು ನಕ್ಕುಬಿಟ್ಟೆ. "ಭಾಳ ಚಲೋ ಆತಲ್ಲವಾ!" ಎಂದು ಊರಿನಿಂದ ತಂದ ಡಬ್ಬಿ ತೆರೆದು ಬೇಸನ್ ಉಂಡಿ ತೆಗೆದು ಅವಳ ಕೈಗಿಟ್ಟೆ. ಅವಳು ಉಂಡಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅಷ್ಟರಲ್ಲಿ ಎದುರು ಮನೆಯಿಂದ ಕಬ್ಬಿಣಕ್ಕೆ ಏನೋ ಬಡಿದ ಸದ್ದು ಬಂತು. ಅದರ ಹಿಂದೆಯೇ ಹೆಂಗಸಿನ ದನಿ. ಅದು ಕೂಗಲ್ಲ, ಉಸಿರು ಕಟ್ಟಿದವರ ಗಂಟಲಿನಿಂದ ಬರುತ್ತದಲ್ಲ, ಆ ಸದ್ದು.

ಬರಿಗಾಲಲ್ಲಿ ಓಡಿದೆ. ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಪಕ್ಕ ಒಬ್ಬ ಹೆಂಗಸು ಮೊಣಕಾಲೂರಿ ಕುಳಿತಿದ್ದಳು. ಅವಳ ಕೂದಲನ್ನು ಗಂಡ ಹಗ್ಗ ಸುತ್ತಿದಂತೆ ಮುಂಗೈಗೆ ಸುತ್ತಿಕೊಂಡು ಅವಳ ಹಣೆಯನ್ನು ಯಂತ್ರದ ಕಬ್ಬಿಣದ ಕಾಲಿಗೆ ಬಡಿಯುತ್ತಿದ್ದ. ನನ್ನನ್ನು ನೋಡಿ ನಿಲ್ಲಿಸಿದ. ಕೈಯಿಂದ ಕೂದಲು ಬಿಡಿಸಿಕೊಂಡು, ಲುಂಗಿಗೆ ಅಂಗೈ ಒರೆಸಿ, ನಕ್ಕ. "ಒಣ್ಣುಮಿಲ್ಲಮ್ಮಾ. ಕುಡುಂಬ ವಿಷಯಂ. ನೀಂಗ ಪೋಂಗ." ಏನೂ ಇಲ್ಲ, ಮನೆಯ ವಿಷಯ, ನೀವು ಹೋಗಿ ಎಂದು. ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದಳು. ಹುಬ್ಬಿನಿಂದ ರಕ್ತ ಇಳಿದು ಕಣ್ಣಿಗೆ ತುಂಬಿತ್ತು. ಅವನ ಭಾಷೆಯಲ್ಲಿ ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲ. ನಾನು ಹಿಂದಿರುಗಿ ನಡೆದೆ.

ತಮಿಳಿನಲ್ಲಿ ಅಡಿ ಎಂದರೆ ಹೊಡೆತ. ಆ ಊರಿನಲ್ಲಿ ನಾನು ಕಲಿತ ಮೊದಲ ಮಾತು ಅದು.

ನಾನು ಬೆಟಗೇರಿಯವಳು, ಹೆಸರು ಕರುಣಾ. ನಮ್ಮ ಅಜ್ಜನ ಕಾಲದಿಂದ ನಮ್ಮದು ನೇಕಾರರ ಓಣಿಯ ಕ್ರೈಸ್ತ ಮನೆತನ. ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ನಮ್ಮವರು, ಪ್ರಕಾಶ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗಳ ಮದುವೆ ಮುಗಿದ ವರ್ಷವೇ ಅವರಿಗೆ ಮದ್ರಾಸಿನ ಪೆರಂಬೂರಿಗೆ ವರ್ಗವಾಯಿತು. ಹುಬ್ಬಳ್ಳಿಯಲ್ಲಿ ವರ್ಕ್‌ಶಾಪಿನ ಸೈರನ್ನಿಗೆ ಭೋಂಗಾ ಎನ್ನುತ್ತೇವೆ, ಅಲ್ಲಿ ಸಂಗು ಎನ್ನುತ್ತಾರೆ, ಅಂದರೆ ಶಂಖ. ಬೆಳಗ್ಗೆ ಅದು ಕೂಗಿದಾಗ ಕಣ್ಣು ಮುಚ್ಚಿಕೊಂಡಿದ್ದರೆ ಯಾವ ಊರಿನಲ್ಲಿದ್ದೇನೆ ಎಂದು ತಿಳಿಯುತ್ತಿರಲಿಲ್ಲ. ಕಣ್ಣು ತೆರೆದರೆ ಬೆವರಿನಿಂದ ದಿಂಬು ಒದ್ದೆಯಾಗಿರುತ್ತಿತ್ತು.

ಮನೆ ಸಿಕ್ಕಿದ್ದು ಒಂದು ವಠಾರದಲ್ಲಿ. ಎದುರುಬದುರು ಮೂರು ಮೂರು ಮನೆ, ನಡುವೆ ಸಿಮೆಂಟಿನ ಅಂಗಳ, ಅಂಗಳದ ಕೊನೆಗೆ ಕೈಪಂಪು. ಮಾಲೀಕರು ಎಪ್ಪತ್ತು ದಾಟಿದ ಮುದುಕಿ, ಹೆಸರು ಜ್ಞಾನಮ್ಮಾಳ್. ಎಲ್ಲರೂ ಪಾಟಿ ಎಂದು ಕರೆಯುತ್ತಿದ್ದರು, ಅಂದರೆ ಅಜ್ಜಿ. ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ನಾವು ಕ್ರೈಸ್ತರು ಎಂದು ತಿಳಿದದ್ದೇ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಬೀಗದ ಕೈ ಕೊಟ್ಟರು. ಪ್ರಾರ್ಥನೆಗೆ ಅಲ್ಲಿ ಜೆಬಂ ಎನ್ನುತ್ತಾರೆ. ನಮ್ಮ ಜಪವೇ ಇರಬೇಕು ಎಂದು ಪ್ರಕಾಶ ಹೇಳಿದರು.

ಅಂಗಡಿಗೆ ಹೋಗಿ ಜೋಳದ ಹಿಟ್ಟು ಕೇಳಿದರೆ ಗೋವಿನಜೋಳದ ಹಿಟ್ಟು ಕಟ್ಟಿಕೊಟ್ಟರು. ಎರಡು ವಾರ ಅನ್ನವನ್ನೇ ತಿಂದೆವು. ಆಮೇಲೆ ನಮ್ಮ ಅಣ್ಣ ರೈಲಿನಲ್ಲಿ ಯಾರದೋ ಕೈಯಲ್ಲಿ ಹತ್ತು ಕಿಲೋ ಬಿಳಿಜೋಳದ ಹಿಟ್ಟು ಕಳಿಸಿದ. ಮೊದಲ ರೊಟ್ಟಿ ಬಡಿಯಲು ಕುಳಿತೆ. ಎರಡು ರೊಟ್ಟಿ ಆಗಿರಲಿಲ್ಲ, ಬ್ಲೆಸ್ಸಿ, ಆ ಎದುರು ಮನೆಯ ಹುಡುಗಿ, ಓಡಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ನಮ್ಮವರು ನನ್ನನ್ನು ಹೊಡೆಯುತ್ತಿದ್ದಾರೆ ಎಂದುಕೊಂಡಿದ್ದಳು. ನಾನು ಹಿಟ್ಟಿನ ಅಂಗೈ ತೋರಿಸಿದೆ, ರೊಟ್ಟಿ ತೋರಿಸಿದೆ, ಮೆಲ್ಲಗೆ ಒಂದೆರಡು ಸಲ ತಟ್ಟಿ ತೋರಿಸಿದೆ. ಅವಳು ಅಲ್ಲೇ ಗೋಡೆಗೆ ಒರಗಿ ಕುಳಿತು, ನಾನು ಉಳಿದ ರೊಟ್ಟಿ ಮುಗಿಸುವ ತನಕ ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ.

ಅವಳ ತಾಯಿ ಸ್ಟೆಲ್ಲಾ. ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ತಂದೆ ಜಯರಾಜ್ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಭಾನುವಾರ ನಾವು ಪಾಟಿಯ ಜೊತೆ ಅವರ ಸಭೆಗೆ, ಅಂದರೆ ಚರ್ಚಿಗೆ, ಹೋದಾಗ ಮೊದಲು ಕಂಡದ್ದು ಅವನೇ. ಬಿಳಿ ಅಂಗಿ ತೊಟ್ಟು ಎದುರಿಗೆ ನಿಂತು ಹಾಡು ನಡೆಸುತ್ತಿದ್ದ. ಅಂಥ ದನಿ ನಾನು ಬೆಟಗೇರಿಯಲ್ಲೂ ಕೇಳಿಲ್ಲ, ಹುಬ್ಬಳ್ಳಿಯಲ್ಲೂ ಕೇಳಿಲ್ಲ. ನಮ್ಮಲ್ಲಿ ಹಾರ್ಮೋನಿಯಂ ಹಿಡಿದು ನಿಧಾನವಾಗಿ, ನಿಂತಲ್ಲೇ ನಿಂತು ಹಾಡುತ್ತೇವೆ. ಅಲ್ಲಿ ಡ್ರಮ್ಮು, ಕೀಬೋರ್ಡು, ಚಪ್ಪಾಳೆ. ಅವನು ಕಣ್ಣು ಮುಚ್ಚಿ ಕೈಯೆತ್ತಿದರೆ ಮುನ್ನೂರು ಜನ ಕೈಯೆತ್ತುತ್ತಿದ್ದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಸ್ಟೆಲ್ಲಾ ಸೆರಗನ್ನು ಹಣೆಯ ತನಕ ಎಳೆದುಕೊಂಡು ಚಪ್ಪಾಳೆ ತಟ್ಟುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಪಾಟಿಯ ಮನೆಯಲ್ಲಿ ಹೆಂಗಸರ ಕೂಟ. ಹನ್ನೊಂದು ಜನ ಚಾಪೆಯ ಮೇಲೆ ಸುತ್ತಲೂ ಕೂರುತ್ತಿದ್ದೆವು. ಹಾಡು, ಬೈಬಲ್ ವಾಕ್ಯ, ಆಮೇಲೆ ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಬೇಕು, ಉಳಿದವರು ಅವರಿಗೆ ತೈರಿಯಂ ಹೇಳಬೇಕು. ನಾವೂ ಧೈರ್ಯ ಹೇಳುವುದು ಎನ್ನುತ್ತೇವಲ್ಲ, ಅದೇ. ಯಾರ ಮನೆಯಲ್ಲಾದರೂ ಕಾಯಿಲೆ, ಸಾವು, ಮಕ್ಕಳ ಫೇಲು ಏನಿದ್ದರೂ ಮರುದಿನ ನಾಲ್ಕು ಜನ ಹೋಗಿ ಕುಳಿತು ಧೈರ್ಯ ಹೇಳಿ ಬರುತ್ತಿದ್ದರು. ನಾನು ಆ ಊರಿನಲ್ಲಿ ಬದುಕಿಕೊಂಡದ್ದು ಈ ಕೂಟದಿಂದಲೇ. ಮಲೇರಿಯಾ ಬಂದು ಹದಿನೈದು ದಿನ ಮಲಗಿದಾಗ ಗಂಜಿ ಕಾಯಿಸಿ ತಂದವರು ಅವರೇ, ತಮಿಳು ಅಕ್ಷರ ಕಲಿಸಿದವರೂ ಅವರೇ. ನನ್ನನ್ನು ಕನ್ನಡಕ್ಕಾ, ಅಂದರೆ ಕನ್ನಡದ ಅಕ್ಕ ಎಂದು ಕರೆಯುತ್ತಿದ್ದರು. ಅದು ನನ್ನ ಹೆಸರೇ ಆಗಿಬಿಟ್ಟಿತು.

ಆದರೆ ಸ್ಟೆಲ್ಲಾಳ ಸರದಿ ಬಂದಾಗ ಚಾಪೆಯ ಮೇಲೆ ಕುಳಿತವರೆಲ್ಲ ಸೆರಗಿನ ಅಂಚು ನೋಡುತ್ತಿದ್ದರು. ಅವಳು ಏನನ್ನೂ ವಿವರಿಸುತ್ತಿರಲಿಲ್ಲ. "ಮನೆಯಲ್ಲಿ ಸಮಾಧಾನಕ್ಕಾಗಿ ಜೆಬಂ ಮಾಡಿ" ಎನ್ನುತ್ತಿದ್ದಳು, ಅಷ್ಟೇ. ಅವಳ ಕುತ್ತಿಗೆಯ ಮೇಲೆ ಬೆರಳಿನ ಗುರುತು ಎಲ್ಲರಿಗೂ ಕಾಣುತ್ತಿತ್ತು. ಪಾಟಿ ಅವಳ ತಲೆ ಸವರಿ "ಪೊರುತ್ತುಕ್ಕೋ ಮಾ" ಎನ್ನುತ್ತಿದ್ದರು. ತಾಳಿಕೋ ಎಂದು. ಒಬ್ಬೊಬ್ಬರೂ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ನಿನ್ನ ತಾಳ್ಮೆಯಿಂದ ಅವನು ಬದಲಾಗುತ್ತಾನೆ. ಅವನಿಗೆ ದೇವರು ಕೊಟ್ಟ ದನಿಯಿದೆ, ಸೈತಾನ ಅದಕ್ಕೇ ಅವನ ಮನೆಯ ಮೇಲೆ ಬಿದ್ದಿದ್ದಾನೆ. ಹೀಗೆ.

ಒಂದು ಶುಕ್ರವಾರ ಅವಳು ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಪಾಟಿ ಬಿಚ್ಚಿ ನೋಡಿದರು. ಇಸ್ತ್ರಿ ಪೆಟ್ಟಿಗೆಯ ಚೂಪು ತುದಿಯ ಆಕಾರ ಅಂಗೈಯ ಹಿಂಬದಿಯಲ್ಲಿ ಹಾಗೇ ಬಿದ್ದಿತ್ತು, ಚರ್ಮ ಎದ್ದು ಬಂದಿತ್ತು. ಪಾಟಿ ನರ್ಸಿನ ಕೈಯಿಂದ ತೊಳೆದು ಮುಲಾಮು ಹಚ್ಚಿ ಮತ್ತೆ ಕಟ್ಟಿದರು. ಆಮೇಲೆ ಸುತ್ತಲೂ ನೋಡಿ, "ಇವತ್ತು ಕನ್ನಡಕ್ಕಾ ಇವಳಿಗೆ ತೈರಿಯಂ ಹೇಳಲಿ" ಎಂದರು. ನನಗೆ ಅಷ್ಟು ಹೊತ್ತಿಗೆ ತಕ್ಕಮಟ್ಟಿಗೆ ತಮಿಳು ಬರುತ್ತಿತ್ತು. ನಾನು ಅವಳ ಮುಂದೆ ಕುಳಿತು, ನೆಟ್ಟಗಿದ್ದ ಕೈಯನ್ನು ಹಿಡಿದು, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಹೇಳಿದೆ. ತಾಳಿಕೋ. ದೇವರು ನೋಡುತ್ತಿದ್ದಾನೆ.

"ಆಮಾಂ ಅಕ್ಕಾ" ಎಂದಳು ಸ್ಟೆಲ್ಲಾ. ಹೌದಕ್ಕ. "ನೀವೂ ನೋಡಿದಿರಲ್ಲ."

ಎಲ್ಲರೂ ಆಮೆನ್ ಎಂದರು. ನನ್ನ ಭಾಷೆ ಚೆನ್ನಾಗಿದೆ ಎಂದು ಒಬ್ಬಾಕೆ ಹೊಗಳಿದಳು.

ಮನೆಗೆ ಬಂದು ಪ್ರಕಾಶರ ಮುಂದೆ ಅತ್ತೆ. "ಠಾಣೆಗೆ ಹೋಗಿ ಹೇಳೋಣ್ರಿ" ಎಂದೆ.

"ಕರುಣಾ, ನಾವು ಹೊರಗಿನ ಮಂದಿ" ಎಂದರು ಅವರು. "ನಾಳೆ ಇದ ಓಣ್ಯಾಗ ತಿರುಗಾಡಬೇಕು. ಆಕೀನ ಬಾಯಿ ಬಿಡವಲ್ಲಳು, ನಾವು ಹೋಗಿ ಏನಂತ ಹೇಳೂದು? ಸ್ವಲ್ಪ ದಿನ ನೋಡೂಣು."

ಅವರು ಕೆಟ್ಟವರಲ್ಲ. ಮೂವತ್ತು ವರ್ಷದಲ್ಲಿ ನನ್ನ ಮೇಲೆ ಕೈಯೆತ್ತಿಲ್ಲ. ಹೆದರಿಕೆ ಅವರಿಗೆ ನನ್ನ ಸಲುವಾಗಿ ಇತ್ತು. ಆದರೆ ಸ್ವಲ್ಪ ದಿನ ಎಂದದ್ದು ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳಲ್ಲಿ ನಾನು ಅಂಗಳದಾಚೆಗಿನ ಸದ್ದುಗಳನ್ನು ಗುರುತಿಸಲು ಕಲಿತೆ. ಬರಿಗೈಯದು, ಬೆಲ್ಟಿನದು, ತಲೆ ಗೋಡೆಗೆ ತಾಗಿದ್ದು. ತಿಂಡಿ ಮಾಡುತ್ತಾ, ಪಾತ್ರೆ ತೊಳೆಯುತ್ತಾ ಅದನ್ನು ಕೇಳುತ್ತಿದ್ದೆ. ಅದು ನಿಂತ ಮೇಲೆ ಬ್ಲೆಸ್ಸಿ ಬಂದು ನಮ್ಮ ಅಡಿಗೆಮನೆಯಲ್ಲಿ ಕೂರುತ್ತಿದ್ದಳು. ನಾನು ಅವಳಿಗೆ ಜಡೆ ಹಾಕುತ್ತಿದ್ದೆ.

ಅದು ಶನಿವಾರ, ಬೆಳಗ್ಗೆ ಹತ್ತರ ಹೊತ್ತು. ಪ್ರಕಾಶ ಕೆಲಸಕ್ಕೆ ಹೋಗಿದ್ದರು. ನೀರಿನ ಲಾರಿ ಬರುವ ದಿನವಾದ್ದರಿಂದ ಹೆಂಗಸರೆಲ್ಲ ಅಂಗಳದಲ್ಲಿ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿಟ್ಟು ಒಳಗೆ ಹೋಗಿದ್ದರು. ನಾನು ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಮಾಡುತ್ತಿದ್ದೆ. ಸ್ಟೆಲ್ಲಾ ನಮ್ಮ ಬಾಗಿಲಿನೊಳಗೆ ಬಂದದ್ದಲ್ಲ, ಬಿದ್ದದ್ದು. ಹಿಂದೆ ಬ್ಲೆಸ್ಸಿ. ಸ್ಟೆಲ್ಲಾಳ ಕಿವಿ ಹರಿದಿತ್ತು, ಓಲೆ ಇದ್ದಲ್ಲಿ ಬರೀ ರಕ್ತ. "ಅಕ್ಕಾ, ಬಾಗಿಲು" ಎಂದಳು. ಅವರಿಬ್ಬರನ್ನೂ ಒಳಗೆ ಎಳೆದುಕೊಂಡು ಚಿಲಕ ಹಾಕಿದೆ.

ಕಿಟಕಿಯಿಂದ ನೋಡಿದರೆ ಜಯರಾಜ್ ಕೈಪಂಪಿನ ಬಳಿ ನಿಂತಿದ್ದ. ಅದರ ಹಿಡಿಯ ಮೊಳೆ ಕಿತ್ತು, ತೋಳುದ್ದದ ಆ ಕಬ್ಬಿಣವನ್ನು ಬಿಡಿಸಿಕೊಳ್ಳುತ್ತಿದ್ದ. ಕುಡಿದಿರಲಿಲ್ಲ. ಅದನ್ನು ಆಮೇಲೆ ಎಲ್ಲರೂ ಕೇಳಿದರು, ಕುಡಿದಿದ್ದನಾ ಎಂದು. ಕುಡಿದಿರಲಿಲ್ಲ. ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದ. ಸಂಜೆಗೆ ಹಾಡಿನ ಅಭ್ಯಾಸವಿತ್ತು, ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಗೆ ಕಲೆಯಾಗಿದೆ ಎಂಬುದು ಅವತ್ತಿನ ಕಾರಣ.

ಮೊದಲ ಏಟಿಗೆ ಬಾಗಿಲಿನ ಹಲಗೆ ಸೀಳಿತು. ಎರಡನೆಯದಕ್ಕೆ ಚಿಲಕ ಹಾರಿ ಬಂದು ನನ್ನ ಕಾಲಿಗೆ ಬಿತ್ತು. ಅವನು ಒಳಗೆ ಬಂದ. ಸ್ಟೆಲ್ಲಾ ಅಡಿಗೆಮನೆಯಲ್ಲಿ ಮಗಳನ್ನು ಗೋಡೆಗೆ ಒತ್ತಿ, ತಾನು ಬೆನ್ನು ಕೊಟ್ಟು ನಿಂತಿದ್ದಳು. ನಾನು ನಡುವೆ ಹೋದೆ. ಧೈರ್ಯದಿಂದ ಹೋದೆ ಎಂದು ಹೇಳಲಾರೆ, ನಮ್ಮ ಅಡಿಗೆಮನೆ ಅಷ್ಟು ಚಿಕ್ಕದು, ನಿಲ್ಲಲು ಬೇರೆ ಜಾಗವಿರಲಿಲ್ಲ. ಅವನು ಕಬ್ಬಿಣ ಎತ್ತಿದ, ನಾನು ಎಡಗೈ ಎತ್ತಿದೆ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು, ಹಸಿ ಕಡ್ಡಿ ಮುರಿದಂತೆ. ನೋವು ಆಗ ಬರಲಿಲ್ಲ. ಬಲಗೈಯಲ್ಲಿ ಇಕ್ಕಳವಿತ್ತು, ಒಲೆಯ ಮೇಲೆ ಹಂಚಿತ್ತು. ಇಕ್ಕಳದಿಂದ ಹಂಚು ಹಿಡಿದೆತ್ತಿ ಅವನ ಮುಖದ ಕಡೆಗೆ ಚಾಚಿದೆ. ಅವನು ಅದನ್ನು ತಡೆಯಲು ಅಂಗೈ ಚಾಚಿದ. ಸುಟ್ಟ ಚರ್ಮದ ವಾಸನೆ ರೊಟ್ಟಿಯ ವಾಸನೆಯ ಜೊತೆ ಬೆರೆತು ಬಂತು. ಅವನು ಕಿರುಚಿದ. ಮುನ್ನೂರು ಜನ ಕೈಯೆತ್ತುವಂತೆ ಮಾಡುತ್ತಿದ್ದ ಅದೇ ದನಿ.

ಅವನು ಹಿಮ್ಮೆಟ್ಟಿ ಅಂಗಳಕ್ಕೆ ಬಿದ್ದಾಗ ಹೆಂಗಸರು ಹೊರಗೆ ಬಂದಿದ್ದರು. ಚಾಪೆಯ ಮೇಲೆ ಕೂರುತ್ತಿದ್ದ ಅದೇ ಹೆಂಗಸರು. ಅವನು ಎದ್ದು ಮತ್ತೆ ಕಬ್ಬಿಣ ಹುಡುಕಿದ. ಆಗ ಪಾಟಿ ತಮ್ಮ ಕಟ್ಟೆಯಿಂದ ಇಳಿದರು. ಒಂದು ಕಾಲು ಎಳೆಯುತ್ತಾ ಬಂದು ಆ ಕಬ್ಬಿಣದ ಮೇಲೆ ತಮ್ಮ ಪಾದವಿಟ್ಟು ನಿಂತರು.

"ಪೋದುಂ ಡಾ" ಎಂದರು. ಸಾಕು ಮಾಡೋ ಎಂದು.

ಅವನು ಅವರನ್ನು ತಳ್ಳಿದ. ಎಪ್ಪತ್ತು ದಾಟಿದ ಮುದುಕಿ ಸಿಮೆಂಟಿನ ಮೇಲೆ ಬಿದ್ದರು.

ಮೊದಲ ಕೊಡವನ್ನು ಯಾರು ಎಸೆದರೋ ನಾನು ನೋಡಲಿಲ್ಲ. ಆಮೇಲೆ ಎಲ್ಲರೂ ಹೊಡೆದರು. ಕೊಡದಿಂದ, ಪೊರಕೆಯಿಂದ, ಚಪ್ಪಲಿಯಿಂದ, ಬಟ್ಟೆ ಒಗೆಯುವ ಕೋಲಿನಿಂದ. ಅವನು ತಲೆ ಹಿಡಿದುಕೊಂಡು ಮುದುಡಿದ. ನಾನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದು ಅವನ ಪಕ್ಕೆಗೆ ಒದ್ದೆ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ನನಗೆ ಸುಖವಾಯಿತು. ನಾಲ್ಕು ತಿಂಗಳು ಕೇಳಿದ ಪ್ರತಿಯೊಂದು ಸದ್ದೂ ನನ್ನ ಕಾಲಿನಲ್ಲಿತ್ತು. ಮತ್ತೆ ಕಾಲೆತ್ತಿದಾಗ ಬಾಗಿಲಲ್ಲಿ ನಿಂತ ಬ್ಲೆಸ್ಸಿಯ ಮೇಲೆ ಕಣ್ಣು ಬಿತ್ತು. ಅವಳು ಕಿವಿ ಮುಚ್ಚಿಕೊಂಡಿದ್ದಳು. ಕಣ್ಣು ನನ್ನ ಮೇಲೆಯೇ ಇತ್ತು. ಕಾಲು ಕೆಳಗಿಳಿಸಿದೆ.

"ಬಿಡಿ, ಸತ್ತುಹೋಗುತ್ತಾನೆ" ಎಂದು ಪಾಟಿ ನೆಲದಿಂದಲೇ ಕೂಗಿದರು. ಹೆಂಗಸರು ನಿಂತರು. ಎಲ್ಲರೂ ಏದುಸಿರು ಬಿಡುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾಟಿ ತೆವಳಿಕೊಂಡು ಅವನ ಬಳಿಗೆ ಹೋಗಿ, ತಮ್ಮ ಸೀರೆಯ ಸೆರಗನ್ನು ಹರಿದು ಅವನ ತಲೆಯ ಗಾಯಕ್ಕೆ ಒತ್ತಿ ಹಿಡಿದರು. ಅವನು ಅವರ ಮಡಿಲಲ್ಲಿ ಮಗುವಿನಂತೆ ಅಳುತ್ತಿದ್ದ. ಅವನ ತಲೆ ಹಿಡಿದುಕೊಂಡೇ ಪಾಟಿ ಸ್ಟೆಲ್ಲಾಳನ್ನು ನೋಡಿದರು.

"ನನ್ನ ಗಂಡ ಸಾಯುವ ತನಕ ನಾನು ತಾಳಿಕೊಂಡೆ" ಎಂದರು. "ಈ ಕಾಲು ಅವನು ಮುರಿದದ್ದು. ಬಿದ್ದೆ ಎಂದು ಎಲ್ಲರಿಗೂ ಹೇಳಿದೆ. ಬೇರೇನೂ ನನಗೆ ಗೊತ್ತಿರಲಿಲ್ಲ, ಅದಕ್ಕೆ ನಿನಗೂ ಅದನ್ನೇ ಹೇಳಿದೆ. ಮನ್ನಿಚ್ಚಿಡು ಮಾ." ಕ್ಷಮಿಸಿಬಿಡು ಎಂದು.

ಸ್ಟೆಲ್ಲಾ ಮಗಳ ಕೈ ಹಿಡಿದು ನಮ್ಮ ಮನೆಯ ಹೊಸ್ತಿಲ ಮೇಲೆ ಕುಳಿತಳು.

ನನ್ನ ಕೈಗೆ ಆರು ವಾರ ಪ್ಲಾಸ್ಟರ್ ಹಾಕಿದರು. ಪ್ರಕಾಶ ಆಸ್ಪತ್ರೆಗೆ ಓಡಿ ಬಂದಾಗ ಅವರ ಕೈಗೆಲ್ಲ ಗ್ರೀಸ್ ಹತ್ತಿತ್ತು. ನನ್ನನ್ನು ಮುಟ್ಟಲು ಹೆದರಿ ದೂರ ನಿಂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. "ನಾನು ಆವಾಗ ಹೋಗಬೇಕಿತ್ತು" ಎಂದಷ್ಟೇ ಹೇಳಿದರು. ಸೋಮವಾರ ರಜೆ ಹಾಕಿ ನಮ್ಮ ಜೊತೆ ಮಹಿಳಾ ಪೊಲೀಸ್ ಠಾಣೆಗೆ ಬಂದು, ಇಡೀ ದಿನ ಹೊರಗಿನ ಬೆಂಚಿನ ಮೇಲೆ ಬ್ಲೆಸ್ಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಒಳಗೆ ಸ್ಟೆಲ್ಲಾ ಹೇಳಿದಳು, ನಾನು ಹೇಳಿದೆ. ಬರೆದುಕೊಳ್ಳುತ್ತಿದ್ದ ಪೊಲೀಸ್ ಹೆಂಗಸು ನನ್ನ ತಮಿಳಿಗೆ ಎರಡು ಸಲ ನಕ್ಕಳು, ಆಮೇಲೆ ನಗಲಿಲ್ಲ. ನಾವು ಅವನನ್ನು ಹೊಡೆದದ್ದನ್ನೂ ಹೇಳಿದೆ, ಒದ್ದದ್ದನ್ನೂ ಹೇಳಿದೆ. ಅವಳು ಪೆನ್ನು ನಿಲ್ಲಿಸಿ ನನ್ನ ಪ್ಲಾಸ್ಟರ್ ನೋಡಿದಳು, ಮತ್ತೆ ಬರೆದಳು.

ಪಾಸ್ಟರ್ ಮಂಗಳವಾರ ಬಂದರು. ಮೆದು ಮಾತಿನ ಮನುಷ್ಯ. ಪಾಟಿಯ ಮನೆಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡರು. ಸಭೆಯ ಮಾನ ಬೀದಿಗೆ ಬಂದಿದೆ ಎಂದರು. ಅವನು ಪಶ್ಚಾತ್ತಾಪ ಪಟ್ಟಿದ್ದಾನೆ, ದೂರು ಹಿಂದಕ್ಕೆ ತೆಗೆದುಕೊಂಡರೆ ತಾವೇ ನಿಂತು ಮನೆ ಸರಿಮಾಡುತ್ತೇವೆ ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ನೀವು ದೂರದಿಂದ ಬಂದವರು. ನಮ್ಮ ಮಂದಿಯ ರೀತಿ ನಿಮಗೆ ತಿಳಿಯುವುದಿಲ್ಲ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಪಾಟಿ ಮಾತಾಡಿದರು. "ಅಯ್ಯಾ, ನಾವು ಹತ್ತಿರದವರು. ನಮಗೆ ತಿಳಿದಿತ್ತು."

ಪಾಸ್ಟರ್ ಪ್ರಾರ್ಥನೆ ಮಾಡಿ ಹೋದರು. ಮುಂದಿನ ಶುಕ್ರವಾರ ಚಾಪೆಯ ಮೇಲೆ ಐದು ಜನ ಕುಳಿತೆವು. ಉಳಿದವರು ಬರಲಿಲ್ಲ. ಅವರಲ್ಲಿ ಇಬ್ಬರು ಶನಿವಾರ ಎಲ್ಲರಿಗಿಂತ ಜೋರಾಗಿ ಹೊಡೆದವರು.

ಜಯರಾಜ್ ಕೆಲವು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ಈಗ ಎಣ್ಣೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾನೆ. ಪೆರಂಬೂರಿಗೆ ಕಾಲಿಡಬಾರದೆಂದು ಕೋರ್ಟು ಹೇಳಿದೆ, ಕೇಸು ನಡೆಯುತ್ತಿದೆ. ಅಲ್ಲಿನ ಸಭೆಯೊಂದರಲ್ಲಿ ಹಾಡುತ್ತಿದ್ದಾನಂತೆ. ನನ್ನ ಹಂಚಿನ ಗುರುತು ಅವನ ಅಂಗೈಯಲ್ಲಿದೆ. ಅದನ್ನು ನೆನೆದರೆ ನನಗೆ ಪಶ್ಚಾತ್ತಾಪವಾಗುವುದಿಲ್ಲ. ಒದ್ದದ್ದು ನೆನಪಾದಾಗ ಆಗುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಪ್ರಕಾಶ ಕೇಳಿದರು. ಬ್ಲೆಸ್ಸಿ ಎರಡು ತಿಂಗಳು ನನ್ನ ಹತ್ತಿರ ಜಡೆಗೆ ಬರಲಿಲ್ಲ.

ಸ್ಟೆಲ್ಲಾಳಿಗೂ ನನಗೂ ಒಮ್ಮೆಲೇ ಗೆಳೆತನವಾಯಿತು ಎಂದುಕೊಳ್ಳಬೇಡಿ. ಪ್ಲಾಸ್ಟರ್ ಇದ್ದಷ್ಟು ದಿನ ಬಂದು ನಮ್ಮ ಮನೆಯ ಅಡಿಗೆ ಮಾಡಿದಳು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಾ, ಬೆನ್ನು ತಿರುಗಿಸಿಯೇ ಹೇಳಿದಳು. "ಅಕ್ಕಾ, ಮೊದಲ ದಿನ ನೀವು ಬಂದು ನೋಡಿ ಹಿಂದಿರುಗಿ ಹೋದಿರಲ್ಲ, ಆಮೇಲೆ ಅವನು ಇನ್ನೂ ಜೋರಾಗಿ ಹೊಡೆದ. ನೋಡು, ಯಾರೂ ಏನೂ ಮಾಡಲ್ಲ ಅಂದ."

ನಾನು ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡೆ.

"ಬೈಯಬೇಕು ಅಂತ ಹೇಳಲಿಲ್ಲ. ನಿಮಗೆ ಗೊತ್ತಿರಲಿ ಅಂತ" ಎಂದಳು. ಆಮೇಲೆ ಜೋಳದ ಹಿಟ್ಟಿನ ಡಬ್ಬಿ ತೆಗೆದು, ಇದನ್ನು ಹೇಗೆ ಬಡಿಯುತ್ತೀರಿ ಹೇಳಿ ಎಂದಳು. ಅವತ್ತು ಅವಳು ಮಾಡಿದ ಏಳು ರೊಟ್ಟಿಗಳಲ್ಲಿ ಆರು ಹರಿದವು.

ನಮ್ಮ ಐದು ಜನರ ಕೂಟ ಈಗಲೂ ನಡೆಯುತ್ತಿದೆ. ಯಾರಾದರೂ ಕಷ್ಟ ಹೇಳಿದರೆ ಪಾಟಿ ಮೊದಲು ಕೇಳುವುದು, "ನಾವು ಯಾವಾಗ ಬರಬೇಕು?" ಎಂದು. ಎರಡು ಮನೆಗಳಿಗೆ ಹೀಗೆ ಹೋಗಿ ಕುಳಿತಿದ್ದೇವೆ. ಧೈರ್ಯ ಹೇಳುವುದೆಂದರೆ ಹೊತ್ತು ಮುಳುಗುವ ತನಕ ಆ ಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುವುದು, ಗಂಡಸು ಬಂದಾಗ ಏಳದಿರುವುದು. ಒಂದು ಮನೆಯಲ್ಲಿ ನಮ್ಮ ಮೇಲೆ ಬಿಸಿನೀರು ಎರಚಿದರು. ಇನ್ನೊಂದು ಮನೆಯಲ್ಲಿ ಆ ಹೆಂಗಸೇ ನಮ್ಮನ್ನು ಹೊರಗೆ ಕಳಿಸಿದಳು. ಮರುವಾರ ಮತ್ತೆ ಹೋದೆವು.

ಇಷ್ಟನ್ನು ನಾನು ಬೆಟಗೇರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸುಗ್ಗಿಹಬ್ಬದ ಆರಾಧನೆಗೆಂದು ಎಂಟು ದಿನಕ್ಕೆ ಬಂದವಳು. ನಮ್ಮ ದೇವಾಲಯದ ಮುಂದೆ ಜೋಳದ ತೆನೆ, ಕುಂಬಳಕಾಯಿ, ಕೋಳಿ ಎಲ್ಲ ತಂದಿಟ್ಟಿದ್ದರು. ನನ್ನ ಭಾಷೆ, ನನ್ನ ಹಾಡು, ನನ್ನನ್ನು ಎತ್ತಿ ಆಡಿಸಿದವರ ಮುಖಗಳು. ಎರಡು ದಿನ ಬಾಯಿತುಂಬಾ ಮಾತಾಡಿದೆ. ಮೂರನೆಯ ದಿನ ಹೆಂಗಸರ ಕೂಟದಲ್ಲಿ ನನ್ನ ಚಿಕ್ಕಪ್ಪನ ಮಗಳು ಸುವರ್ಣಾ ಕಂಬದ ಹಿಂದೆ ಕುಳಿತದ್ದು ಕಂಡಿತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಪಕ್ಕದ ಹಿರಿಯಾಕೆ ಅವಳ ಬೆನ್ನು ಸವರುತ್ತಾ ಹೇಳುತ್ತಿದ್ದಳು. "ತಾಳ್ಕೋ ನಮ್ಮವ್ವ. ದೇವರು ನೋಡಾಕತ್ತಾನ."

ಅದನ್ನು ನನ್ನ ಸ್ವಂತ ಭಾಷೆಯಲ್ಲಿ, ಅಷ್ಟು ಪ್ರೀತಿಯ ದನಿಯಲ್ಲಿ ಕೇಳಿ ನನ್ನ ಎಡಗೈ ನೋಯತೊಡಗಿತು.

ಎಲ್ಲರೂ ಎದ್ದ ಮೇಲೆ ಸುವರ್ಣಾಳ ಬಳಿ ಹೋದೆ. "ನಡಿ, ನಿಮ್ಮ ಮನೀಗೆ ನಾನೂ ಬರತೀನಿ" ಎಂದೆ.

"ಬಂದು ಏನ ಮಾಡತಿ ಅಕ್ಕಾ?"

"ಕುಂದರತೀನಿ."

ಅವಳು ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. "ನೀ ರವಿವಾರ ಗಾಡಿ ಹತ್ತಿ ಹೊಕ್ಕಿ. ಸೋಮವಾರ ನಾನ ಇರಬೇಕಲ್ಲ ಅಲ್ಲೆ."

ಹಿರಿಯಾಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ನೀ ಈಗ ಮದ್ರಾಸಿನಾಕಿ. ನಮ್ಮ ಮಂದೀದು ನಿನಗ ತಿಳಿಯೂದಿಲ್ಲವಾ" ಎಂದಳು.

ಬೆಟಗೇರಿಯ ಮಣ್ಣಿನಲ್ಲಿ ಹುಟ್ಟಿ ಬೆಳೆದವಳಿಗೆ ಈ ಮಾತು. ಪೆರಂಬೂರಿನಲ್ಲಿ ನಾಲ್ಕು ಜನ ಹೆಂಗಸರು ನನ್ನ ಸರದಿಗೆ ಕಾಯುತ್ತಾರೆ, ಅಲ್ಲಿ ನಾನು ಕನ್ನಡಕ್ಕಾ. ಇಲ್ಲಿ ನನ್ನ ತಂಗಿಯ ಮನೆಯ ಹೊಸ್ತಿಲಲ್ಲಿ ಕೂರಲು ನಾನು ಹೊರಗಿನವಳು. ಆದರೆ ಸುವರ್ಣಾ ಹೇಳಿದ್ದು ನಿಜ. ರೈಲು ಹತ್ತಿ ಹೋಗುವವಳ ಧೈರ್ಯದಿಂದ ಸೋಮವಾರ ಅವಳಿಗೇನು ಉಪಯೋಗ?

ರವಿವಾರದ ಟಿಕೆಟ್ ರದ್ದು ಮಾಡಿದೆ. ಆಮೇಲೆ ಇನ್ನೊಂದು ಸಲ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ದಿನವೂ ಬೆಳಗ್ಗೆ ಸುವರ್ಣಾಳ ಮನೆಗೆ ಹೋಗಿ ಅವಳ ಕಟ್ಟೆಯ ಮೇಲೆ ಕೂರುತ್ತೇನೆ. ಮೊದಲ ವಾರ ಅವಳ ಗಂಡ ನನ್ನ ಚಪ್ಪಲಿಯನ್ನು ಗಟಾರಕ್ಕೆ ಎಸೆದ. ಮೊನ್ನೆ ಕುಡಗೋಲು ತಂದು ನನ್ನ ಪಕ್ಕದ ಕಟ್ಟೆಗೆ ಬಡಿದ, ಕಲ್ಲಿನ ಚೂರು ಕೆನ್ನೆಗೆ ಹಾರಿತು. ನಿನ್ನೆ ಆ ಹಿರಿಯಾಕೆ ಬಂದಳು. ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕುಳಿತಳು.

ಇವತ್ತು ಮಧ್ಯಾಹ್ನ ಸ್ಟೆಲ್ಲಾಳ ಫೋನ್ ಬಂತು. ಪಾಟಿಗೆ ಜ್ವರ, ಬ್ಲೆಸ್ಸಿಗೆ ಪರೀಕ್ಷೆ ಮುಗಿಯಿತು, ಪ್ರಕಾಶ ಅಣ್ಣನಿಗೆ ಸಾರು ಕೊಟ್ಟು ಬಂದೆ ಎಂದೆಲ್ಲ ಹೇಳಿ ಕೊನೆಗೆ ಕೇಳಿದಳು. "ಅಕ್ಕಾ, ವೀಟ್ಟುಕ್ಕು ಎಪ್ಪೋ ವರುವೀಂಗ?" ಮನೆಗೆ ಯಾವಾಗ ಬರುತ್ತೀರಿ ಎಂದು.

ಅದಕ್ಕೆ ಉತ್ತರ ತಮಿಳಿನಲ್ಲಿ ಹೇಳಲೋ ಕನ್ನಡದಲ್ಲೋ ಎನ್ನುವಷ್ಟರಲ್ಲಿ ಒಳಗಿನಿಂದ ಸುವರ್ಣಾ ಚಹಾದ ಲೋಟ ಹಿಡಿದು ಬಂದು, ಯಾರ ಫೋನು ಎಂದು ಕೇಳಿದಳು.

"ಮನೀದು" ಎಂದೆ.

ಅವಳು ಲೋಟ ಕೆಳಗಿಡಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ನಿಂತಳು. "ಹಂಗಾರ ಹೊಕ್ಕೀಯೇನು?"

ಆ ಕಡೆ ಫೋನಿನಲ್ಲಿ ಸ್ಟೆಲ್ಲಾ ಇನ್ನೂ ಕಾಯುತ್ತಿದ್ದಳು.